ಅಮ್ಮ ಬಿಟ್ಟುಹೋದ ನಿದ್ದೆ

ಕೋಲಾರದ ಒಳಗಣಿ
ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ನಮಗಿಂತ ಮುಂಚೆ ಬದುಕಿದವರೇ,

ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಮೇಲಿನ ಬಿಸಿಲು ತಾಳಲಾರದೆ ನಾವು ಹಳೆಯ ಚಿನ್ನದ ಗಣಿಯೊಳಗೆ ಊರು ಮಾಡಿಕೊಂಡಿದ್ದೇವೆ. ನೀವು ಮುಪ್ಪಿಗೆಂದು ಹಣ ಕೂಡಿಟ್ಟಂತೆ ನಾವು ನಿದ್ದೆ ಕೂಡಿಡುತ್ತೇವೆ. ಪ್ರಾಯದಲ್ಲಿ ಅರ್ಧ ನಿದ್ದೆ ಬಿಟ್ಟು ದುಡಿಯಬೇಕು. ಬಿಟ್ಟದ್ದು ನಮ್ಮ ನಿದ್ದೆಖಾತೆಗೆ ಜಮಾ. ಎಪ್ಪತ್ತಮೂರು ತುಂಬಿದ ಮೇಲೆ ವರ್ಷವರ್ಷವೂ ಅದರಲ್ಲೊಂದು ಪಾಲು ತೆಗೆಯಲೇಬೇಕು. ತಂಪುಮನೆಯಲ್ಲಿ ಮಲಗಿಸಿ, ಮೂಗಿಗೆ ಮದ್ದು ಹಿಡಿದು, ತಿಂಗಳುಗಟ್ಟಲೆ ನಿದ್ದೆ ಮಾಡಿಸುತ್ತಾರೆ. ಇನ್ನೂ ಕೆಲಸದಲ್ಲಿರುವವರಿಗೆ ಮಾತ್ರ ವಿನಾಯಿತಿ. ಈ ನಿಯಮ ಮಾಡಿದವರು ಕೆಟ್ಟವರೇ? ಮುದುಕರು ಸುಧಾರಿಸಿಕೊಳ್ಳಲಿ ಎಂದೇ ಮಾಡಿದ್ದಿರಬಹುದು.

ನನ್ನ ಅಮ್ಮ ಮುನಿರತ್ನಮ್ಮ ಗಾಳಿಚಕ್ರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ನಮಗೆ ಉಸಿರಾಡಲು ಮೇಲಿನ ಗಾಳಿಯನ್ನು ಕೆಳಗೆ ಎಳೆದು ತರುವ ಚಕ್ರ ಅದು. ನನ್ನ ಮಗಳು ಬಿಂದು ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿತ್ತು. ಅದು ಓಡಾಡುವುದನ್ನು ನೋಡಬೇಕೆಂದೇ ಅಮ್ಮ ಕೆಲಸ ಬಿಟ್ಟಿರಲಿಲ್ಲ. "ನಿದ್ದೆ ಎಲ್ಲಿಗೋಯ್ತದಮ್ಮಿ, ಸತ್ತ ಮೇಲೆ ಇದ್ದೇ ಇದೆ" ಎನ್ನುತ್ತಿದ್ದಳು.

ಎಪ್ಪತ್ತಮೂರು ತುಂಬಿದ ದಿನ ಜೊತೆಯವರು ಶಾಲು ಹೊದಿಸಿದರು. ಮಾಲೀಕ ಚೌಡರೆಡ್ಡಿ ಕಾರ್ಖಾನೆಯಲ್ಲೇ ಒಂದು ಸಣ್ಣ ಪಾಲು ಬರೆದುಕೊಟ್ಟ.

"ಇನ್ಮೇಲೆ ನೀನೂ ಒಡತೀನೇ ಕಣಕ್ಕಾ. ನನ್ನನ್ನೂ ಬೈಬೋದು."

"ಬೈಯೋಕೆ ಪಾಲು ಬೇಕೇನಪ್ಪಾ? ಇಷ್ಟು ದಿನ ಬಿಟ್ಟಿ ಬೈತಿದ್ನಲ್ಲಾ!"

ಎಲ್ಲರೂ ನಕ್ಕೆವು. ಮರುವಾರ ಖಾತೆಯ ಅಧಿಕಾರಿ ಬಂದ.

"ವಿನಾಯಿತಿ ಕೂಲಿಯವರಿಗಮ್ಮಾ. ಒಡೆಯರಿಗಿಲ್ಲ."

"ಹಂಗಾದ್ರೆ ಪಾಲು ವಾಪಸ್ ತಗೊಳ್ಳಿ!" ಎಂದಳು ಅಮ್ಮ.

"ಒಂದ್ಸಲ ಒಡತಿ ಆದ್ರೆ ಆಯ್ತು."

ಶಾಲು ಹೊದಿಸಿದವರೇ ಅಮ್ಮನ ಚೀಲ ಹಿಡಿದು ತಂಪುಮನೆಯವರೆಗೆ ಬಂದರು. ಅಂದೇ ಸಂಜೆ ಅವಳ ಜಾಗಕ್ಕೆ ಅರ್ಧ ಕೂಲಿಯ ಆಳು ಬಂದ. ಚೌಡರೆಡ್ಡಿಗೆ ನಿಯಮ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದುಕೊಂಡರೆ ನನಗೆ ಊಟ ಸೇರುತ್ತದೆ.

ಅಮ್ಮನನ್ನು ಎಬ್ಬಿಸಿ ಕಳಿಸುವ ಹೊತ್ತಿಗೆ ಬಿಂದು ಓಡಾಡುತ್ತಿತ್ತು, ಮಾತಾಡುತ್ತಿತ್ತು. ನನ್ನ ಸೆರಗಿನ ಹಿಂದೆ ಅಡಗಿ ಕೇಳಿತು: "ಯಾರಮ್ಮಾ ಇವ್ರು?"

ಅಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಇದೇ ಊರೋಳು ಕಣವ್ವಾ. ಒಂದ್ಲೋಟ ನೀರು ಕೊಟ್ರೆ ಕುಡಿದು ಹೋಗ್ತೀನಿ."

ಮೂರನೆಯ ಸಲ ಮಲಗಿಸಿದಾಗ ಅವಳು ಏಳಲಿಲ್ಲ. ಖಾತೆಯಲ್ಲಿ ಇನ್ನೂ ಎಂಟು ವರ್ಷದ ನಿದ್ದೆ ಉಳಿದಿತ್ತು. ವಾರಸುದಾರಳು ನಾನು. ವಾರಸಿಗೆ ಬಂದ ನಿದ್ದೆಯನ್ನು ಹತ್ತು ವರ್ಷದೊಳಗೆ ಮುಗಿಸಬೇಕು, ಕೆಲಸವಿರಲಿ, ಮಗುವಿರಲಿ. ನನಗೆ ನಲವತ್ತಾರು. ನಾಳೆ ಬೆಳಿಗ್ಗೆ ನನ್ನನ್ನು ಮಲಗಿಸುತ್ತಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ: ದುಡಿಯುತ್ತಿರುವ ಮುದುಕಿಗೆ ಏನನ್ನಾದರೂ ಕೊಡುವ ಮುಂಚೆ, ಅದು ಬೇಕೇ ಎಂದು ಅವಳನ್ನೇ ಕೇಳಿ.

ಬಿಂದುವಿಗೆ ಈಗ ಐದು. ಅವಳ ಅಪ್ಪ ನೋಡಿಕೊಳ್ಳುತ್ತಾರೆ. ಲೋಟ ಅವಳ ಕೈಗೆಟುಕುವ ಕಡೆ ಇಟ್ಟಿದ್ದೇನೆ. ಯಾರಾದರೂ ಹೆಂಗಸು ಬಂದು ನೀರು ಕೇಳಿದರೆ, ಒಳಗೆ ಕರೆದು ಕೂರಿಸಿ ಕೊಡಬೇಕು ಎಂದು ಹೇಳಿಕೊಟ್ಟಿದ್ದೇನೆ.

ಮುನಿರತ್ನಮ್ಮನ ಮಗಳು