ನಿನ್ನ ತಲೆಯಲ್ಲೊಂದು ಮಸುಕು

ಇದನ್ನು ಕಳಿಸುವುದಿಲ್ಲ ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ. ನೀನು ನನ್ನನ್ನು ಬಿಟ್ಟು ಹೋದರೂ ನಿನ್ನ ತಲೆ ಇನ್ನೂ ನನ್ನ ಕಂಪ್ಯೂಟರಿನಲ್ಲೇ ಇದೆ.

ಮಿದುಳಿನೊಳಗೆ ನೀರು ತುಂಬಿಕೊಂಡರೆ ಸುತ್ತಲಿನ ಮೆದು ಭಾಗ ಎಷ್ಟು ಕುಗ್ಗುತ್ತದೆ, ನೀರು ತೆಗೆದರೆ ಎಷ್ಟು ಮೊದಲಿನಂತಾಗುತ್ತದೆ ಎಂದು ಲೆಕ್ಕ ಹಾಕಲು ನನಗೊಂದು ಆರೋಗ್ಯವಂತ ಮಿದುಳಿನ ಚಿತ್ರ ಬೇಕಿತ್ತು. "ನಿಮ್ಮಮ್ಮಂಗೂ ಒಂದು ಪ್ರಿಂಟ್ ಕೊಡು, ಅಳಿಯನ ತಲೇಲೂ ಏನೋ ಇದೆ ಅಂತ ಗೊತ್ತಾಗ್ಲಿ" ಎನ್ನುತ್ತ ನೀನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿದ್ದೆ. ಅಂದಿನಿಂದ ಕಂಪ್ಯೂಟರಿನಲ್ಲಿ ಆ ಚಿತ್ರದೊಳಗೆ ಒತ್ತಡ ಏರಿಸುವುದು, ಇಳಿಸುವುದೇ ನನ್ನ ಕೆಲಸ. ಎಷ್ಟು ಒತ್ತಿದರೆ ಎಲ್ಲಿ ಸೋಲುತ್ತದೆ ಎಂಬುದು ನನಗೆ ಬಾಯಿಪಾಠ.

ಇವತ್ತು ಹೊಸದಾಗಿ ಸೇರಿದ ಹುಡುಗಿ ಪರದೆಯ ಮೇಲೆ ಬೆರಳಿಟ್ಟಳು. "ಮೇಡಂ, ಹಿಂದುಗಡೆ ಮಸುಕಾಗಿದೆ. ಲೆಕ್ಕ ತಪ್ತಾ ಇರೋದು ಇಲ್ಲೇ. ಸ್ಕ್ಯಾನ್ ಮಾಡುವಾಗ ಅಲ್ಲಾಡ್ಬಿಟ್ಟಿದಾರೆ. ಬೇರೆಯವರದ್ದು ಹಾಕೋಣ್ವಾ?"

"ಅವರ ತಪ್ಪಲ್ಲಮ್ಮ. ನಾನೇ ಹೊರಗಿಂದ ಮೈಕಲ್ಲಿ ಏನೋ ಹೇಳಿ ನಗಿಸ್ಬಿಟ್ಟೆ."

"ಏನು ಹೇಳಿದ್ರಿ?"

ನೆನಪಾಗಲಿಲ್ಲ. ಸಂಜೆಯವರೆಗೂ ಯೋಚಿಸಿದೆ, ಆದರೂ ನೆನಪಾಗಲಿಲ್ಲ.

ಅವಳ ಮಾತು ಸರಿಯಾಗಿಯೇ ಇತ್ತು. ಬೇರೆ ಯಾರದೋ ತಲೆ ಹಾಕಿದೆವು, ಲೆಕ್ಕ ಮೊದಲ ಸಲಕ್ಕೇ ಕೂಡಿಬಂತು. ಹಳೆಯದನ್ನು ಅಳಿಸಿಬಿಡಲೇ ಎಂದು ಕೇಳಿದಳು. ನಾಳೆ ನೋಡೋಣ ಎಂದು ಅವಳನ್ನು ಮನೆಗೆ ಕಳಿಸಿ, ಆ ಮಸುಕನ್ನೇ ದೊಡ್ಡದು ಮಾಡಿಕೊಂಡು ಕೂತಿದ್ದೇನೆ. ನಾನು ನಿನ್ನನ್ನು ನಗಿಸಿದ್ದಕ್ಕೆ ನನ್ನ ಬಳಿ ಉಳಿದಿರುವ ಸಾಕ್ಷಿ ಇದೊಂದೇ.