ಜಬೇಜ್ ಓದಿದ ಶೋಕಗೀತೆ

ತಂಗಿ ತಾಮ್ಸಿನ್,

ನೀನು ತೀರಿಹೋದ ಮೇಲೆ ಇದನ್ನು ಯಾರ ಕೈಗೆ ಕೊಡಲಿ? ಆದರೂ ಹೇಳದೆ ಇರಲಾರೆ. ಇವತ್ತು ನೆರೆಮನೆಯ ಡಾರ್ಕಸ್ ತನ್ನ ಹಸುಗೂಸನ್ನು ಮಣ್ಣು ಮಾಡಿದಳು. ಅಲ್ಲಿ ನಿನ್ನ ಗಂಡ ಜಬೇಜ್, ತಾನೇ ಬರೆದದ್ದೆಂದು ಒಂದು ಶೋಕಗೀತೆ ಓದಿದ. ನೀನು ಹೋದ ಮೇಲೆ ಅವನಿಗೆ ಕವಿತೆ ಬರತೊಡಗಿದೆಯಂತೆ. ಬಾಸ್ಟನ್ನಿನಲ್ಲಿ ಅಚ್ಚೂ ಹಾಕಿಸುತ್ತಾನಂತೆ.

ಮಗುವನ್ನು ಹೂಳಿದ ಮೇಲೂ ತಾಯಿಯ ಎದೆಗೆ ಹಾಲು ಇಳಿಯುತ್ತದೆ, ಅದನ್ನು ಬಟ್ಟೆಯಿಂದ ಬಿಗಿಯಬೇಕು ಎಂಬ ಸಾಲು ಬಂದಾಗ ನನಗೆ ಅನುಮಾನ ಹುಟ್ಟಿತು. ನಿನ್ನ ಮಗು ತೀರಿಕೊಂಡ ವರ್ಷ ನೀನು ಬರೆದ ಏನನ್ನೋ ನನಗೆ ಓದಿ ಹೇಳಿದ್ದೆ. ನಾನು ನೂಲುವ ರಾಟೆ ನಿಲ್ಲಿಸಿ ಕಿವಿಗೊಟ್ಟಿರಲಿಲ್ಲ.

ಮಣ್ಣಿಗೆ ಬಂದವರಿಗೆ ಸೇಬಿನ ಮದ್ಯ ಹಂಚುವಾಗ ಜಬೇಜನ ಪಕ್ಕಕ್ಕೆ ಹೋದೆ.

“ಆ ಹಾಲಿನ ಸಾಲು ನಿಂಗೆ ಹೇಗಪ್ಪಾ ಹೊಳೀತು?”

“ದೇವರು ಕೊಟ್ಟ, ಅತ್ತಿಗೆ.”

“ಯಾರಿಗೆ ಕೊಟ್ಟ?”

ಅವನು ನಕ್ಕ. “ನಿಮಗೆ ಎಲ್ಲದ್ರಲ್ಲೂ ಹುಳುಕೇ ಕಾಣ್ಸತ್ತೆ. ಸುಮ್ನೆ ಬಟ್ಟಲು ತುಂಬಿಸ್ಕೊಳ್ಳಿ.”

ಅಷ್ಟರಲ್ಲಿ ಡಾರ್ಕಸ್ ಬಂದಳು. ಅವಳ ಕಪ್ಪು ರವಿಕೆ ಎದೆಯ ಬಳಿ ಒದ್ದೆಯಾಗಿತ್ತು.

“ಅದನ್ನ ಗಂಡಸು ಬರೆದಿಲ್ಲ ಕಣಕ್ಕಾ. ಯಾರು ಬರೆದಿದ್ದು, ಹೇಳು.”

ಎಲ್ಲರಿಗೂ ಕೇಳುವಂತೆ ನಿನ್ನ ಹೆಸರು ಹೇಳಿದೆ.

ಜಬೇಜ್ ಹಾಳೆಯನ್ನು ಮಡಚಿ ಕೋಟಿನೊಳಗೆ ತುರುಕಿದ. ಡಾರ್ಕಸ್ ಅವನೆದುರು ಕೈಚಾಚಿ ನಿಂತಳು. “ಕೊಡಿ ಇಲ್ಲಿ. ಅದು ನಂದು.”

ಊರೆಲ್ಲ ನೋಡುತ್ತಿತ್ತು. ಅವನು ಕೊಟ್ಟ. ಅವಳಿಗೆ ಓದಲು ಬಾರದು, ತಾಮ್ಸಿನ್. ಹಾಳೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ನಡೆದಳು.