ಹನ್ನೊಂದು ಗಂಟು

ಫೆಬ್ರವರಿ 2, ಸೋಮವಾರ
ಹಾಳಾದ ಮೂರನೇ ಮಗ್ಗ ಮತ್ತೆ ಮೊಂಡಾಟ. ಪ್ಯಾರಾಚೂಟ್ ಪಟ್ಟಿ ನಲವತ್ತು ಮೀಟರ್ ಬಾಕಿ. ಎಳೆ ಹರಿದರೆ ಕೆಂಪು ನೂಲು ಕಟ್ಟಿ ಗುರುತು ಮಾಡಬೇಕು, ಆ ತುಂಡು ಕತ್ತರಿಸಿ ಬಿಸಾಕಬೇಕು. ಗಂಟು ಹಾಕೋ ಹಾಗೇ ಇಲ್ಲ, ಭಾರ ಬಿದ್ರೆ ಅಲ್ಲೇ ಹರಿಯುತ್ತೆ. ನನ್ನ ಜೊತೆ ಇಲ್ಲೇ ಕೆಲಸ ಮಾಡೋ ಅಮ್ಮನಿಗೆ ಇದು ಹಿಡಿಸಲ್ಲ. ಐವತ್ತು ವರ್ಷ ಸೀರೆ ನೇಯ್ದವಳು... ಹರಿದದ್ದನ್ನ ಹಾಗೇ ಬಿಡೋದು ನೇಯೋರಿಗೆ ಮಾನಗೇಡು ಅಂತಾಳೆ.

ಸುಗನ್ಯಾ ಮೇಡಂ ಬಂದಿದ್ರು. ಅನ್ನೂರು ಪಟ್ಟಣದಾಚೆ ಕಂಪನಿ ರನ್‌ವೇಯಲ್ಲಿ ರಾಕೆಟ್ ವಿಮಾನ ಹಾರಿಸೋರು ಅವರೇ. ಇಳಿಯುವಾಗ ವೇಗ ತಡೆಯೋ ಪ್ಯಾರಾಚೂಟನ್ನ ಹಿಡಿದಿಡೋದು ನಮ್ಮ ಪಟ್ಟಿ. ಅಮ್ಮನ ಡಬ್ಬಿಯಿಂದ ಮೊಸರನ್ನ ತಿಂದ್ರು. ಅಮ್ಮ ಅವರ ಕೆನ್ನೆ ಸವರಿದ್ದೇ ಸವರಿದ್ದು.

ಫೆಬ್ರವರಿ 6
ನಿನ್ನೆ ನನಗೆ ಜ್ವರ. ನನ್ನ ಬದಲು ಮಗ್ಗಕ್ಕೆ ಅಮ್ಮ ನಿಂತಳಂತೆ. ಸೂಪರ್‌ವೈಸರ್ ಕುಮರೇಶನ್ ನಿನ್ನೆಯ ರಿಜಿಸ್ಟರಿಗೂ ನನ್ನ ಕೈಲೇ ಸೈನ್ ಹಾಕಿಸಿದ. ಹಾಕಿದೆ.

ಫೆಬ್ರವರಿ 20, ಶುಕ್ರವಾರ
ಈರುಳ್ಳಿ ಸುಲೀತಾ ಅಮ್ಮ ಹೇಳಿದಳು. "ನಿನಗೆ ಜ್ವರ ಬಂದ ದಿನ ಹನ್ನೊಂದು ಎಳೆ ಹರಿದಿತ್ತು ಕಂದಾ. ಒಂದೂ ಕಾಣದ ಹಾಗೆ ಗಂಟು ಹಾಕ್ದೆ. ವಿಮಾನ ಹಾರಿಸೋ ಆ ಹುಡುಗಿ ಪಟ್ಟಿಯಲ್ಲಿ ಊನ ಇರಬಾರದಲ್ಲ."

ಪಟ್ಟಿ ಕಂಪನಿಗೆ ಹೋಗಿ ವಾರದ ಮೇಲಾಯ್ತು. ಸೋಮವಾರ ಹಾರಾಟ.

ಫೆಬ್ರವರಿ 21
ಕುಮರೇಶನ್‌ಗೆ ಹೇಳಿದೆ. ಟೆಸ್ಟ್ ಪಾಸ್ ಆಗಿದೆ, ಬಾಯಿ ಮುಚ್ಚು ಅಂದ. ಟೆಸ್ಟ್ ಮಾಡಿದ್ದು ತುದಿಯ ಎರಡು ಮೀಟರ್ ಮಾತ್ರ ಅಂದೆ. ಸೈನ್ ನಿಂದು, ಹೋಗೋದು ನಿನ್ನ ಕೆಲಸ, ನಿಮ್ಮಮ್ಮನ ಮಾನ ಅಂದ. ಮೇಡಂ ನಂಬರ್ ಫೋನಲ್ಲೇ ಇದೆ. ಒತ್ತಲಿಲ್ಲ. ಹೆದರಿಕೆ. ಥೂ.

ಫೆಬ್ರವರಿ 23, ಬೆಳಿಗ್ಗೆ 9.40
ಈಗ ಒತ್ತಿದೆ. ಸ್ವಿಚ್ ಆಫ್. ಮತ್ತೆ. ಸ್ವಿಚ್ ಆಫ್. ವಿಮಾನದೊಳಗೆ ಕೂತುಬಿಟ್ಟಿರಬೇಕು —

ಮಾರ್ಚ್ 11, ಬುಧವಾರ
ಇಷ್ಟು ದಿನ ಬರೆಯೋಕೆ ಕೈ ಬರಲಿಲ್ಲ. ಅವತ್ತು ಪ್ಯಾರಾಚೂಟ್ ಸರಿಯಾಗೇ ಬಿಚ್ಚಿಕೊಂಡಿತ್ತು. ಪಟ್ಟಿ ಹರೀತು. ವಿಮಾನ ರನ್‌ವೇ ದಾಟಿ ಗೋಡೆಗೆ ಹೊಡೀತು. ಸುಗನ್ಯಾ ಮೇಡಂ ಇಲ್ಲ.

ಇವತ್ತು ಅನ್ನೂರಿಂದ ತನಿಖೆಯವರು ಇಬ್ಬರು ಮನೆಗೆ ಬಂದ್ರು. ಪ್ಲಾಸ್ಟಿಕ್ ಕವರಲ್ಲಿ ಸುಟ್ಟ ಪಟ್ಟಿ. ಇದರಲ್ಲಿ ಗಂಟಿದೆಯಾ, ನೇಯ್ದವರೇ ನೋಡಿ ಹೇಳಿ ಅಂದ್ರು. ಅಮ್ಮನೇ ಇಸ್ಕೊಂಡು ಮಡಿಲಲ್ಲಿಟ್ಟು ಬೆರಳಾಡಿಸಿದಳು. ಬಂದೋರಿಗೆ ತಮಿಳು ಮಾತ್ರ ಬರೋದು; ನಮ್ಮ ಮನೆಮಾತು ಕನ್ನಡದಲ್ಲಿ, ನನಗೆ ಮಾತ್ರ, "ನನ್ನ ಗಂಟೇ. ಅದರ ಪಕ್ಕದಲ್ಲೇ ಹರಿದಿದೆ" ಅಂದಳು.

ಅಮ್ಮ ಏನಂತಾರೆ ಅಂತ ಅವರು ತಮಿಳಲ್ಲಿ ಕೇಳಿದ್ರು. ಗಂಟಿಲ್ಲವಂತೆ ಅಂದುಬಿಟ್ಟೆ. ಬರ್ಕೊಂಡು ಹೋದ್ರು.

ಅಮ್ಮನಿಗೂ ತಮಿಳು ಬರುತ್ತೆ, ನನ್ನ ಸುಳ್ಳು ಕೇಳಿಸ್ಕೊಂಡಳು. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದಾಳೆ. ಅನ್ನೂರಿಗೆ ಯಾವ ಬಸ್ಸು ಅಂತ ಕೇಳ್ತಿದಾಳೆ. ನಾನು